ಎರಡು ಮಿಲಿಮೀಟರ್

"ಈ ಮಾಡೆಲ್ಲೇ ನಿಂತುಹೋಗಿದೆಯಂತೆ. ಹೊಸ ಮಷಿನ್ ತರಿಸ್ಬೇಕು," ಎಂದು ಆಸ್ಪತ್ರೆಯ ಮ್ಯಾನೇಜರ್ ಫೋನ್ ಕೆಳಗಿಟ್ಟರು. ಬಟ್ಟೆ ಒಗೆಯುವ ಕೋಣೆಯಲ್ಲಿ ಮಾಸಿದ ಬಟ್ಟೆ ಮಂಡಿ ಎತ್ತರಕ್ಕೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಐದು ಆಪರೇಷನ್. ಒಗೆದ ಗೌನು, ಹೊದಿಕೆ ಎರಡು ಆಪರೇಷನ್ನಿಗಷ್ಟೇ ಸಾಲುವಷ್ಟಿದ್ದವು.

ಮಷಿನ್ನಿನ ಹಿಂಬದಿಯಿಂದ ಫಿಟ್ಟರ್ ತಲೆ ಹೊರಗೆ ಹಾಕಿದಳು. ಕೈಯಲ್ಲಿ ತುಕ್ಕು ಕಾರುವ ಬೇರಿಂಗು, ಅಂಚು ಹರಿದ ರಬ್ಬರ್ ಸೀಲು. "ಮಾಡೆಲ್ ನಿಂತಿರಬಹುದು ಸಾರ್, ಬೇರಿಂಗ್ ಮಾಡೋದನ್ನ ಯಾರೂ ನಿಲ್ಲಿಸಿಲ್ಲ. ಸಂಜೆಯೊಳಗೆ ತಿರುಗಿಸ್ತೀನಿ."

ಬಿಡಿಭಾಗದ ಅಂಗಡಿ ಅವಳ ಸೋದರಮಾವನದು. ಅವರು ಕನ್ನಡಕ ಮೂಗಿಗಿಳಿಸಿ ಬೇರಿಂಗನ್ನು ತಿರುವಿ ನೋಡಿದರು. "ಕಂಪನಿಯವರು ತಮ್ಮದೇ ನಂಬರ್ ಹೊಡೆದಿದ್ದಾರೆ ಮಗಳೇ. ನನ್ನ ಪುಸ್ತಕದಲ್ಲಿ ಇಲ್ಲ."

"ಹೆಸರು ಕಟ್ಕೊಂಡು ಏನಾಗ್ಬೇಕು ಮಾವ? ಮೈ ಅಳೀರಿ." ವರ್ನಿಯರ್ ಹಿಡಿದು ತಾನೇ ಓದಿದಳು: "ಒಳಗೆ ನಲವತ್ತು, ಹೊರಗೆ ಎಂಬತ್ತು, ದಪ್ಪ ಹದಿನೆಂಟು."

ಮಾವ ನಕ್ಕುಬಿಟ್ಟರು. "ಅಯ್ಯೋ, ಇದು ನಮ್ಮ ಮಾಮೂಲಿ ಅರವತ್ತೆರಡು ಸೊನ್ನೆ ಎಂಟು ನಂಬರಿನ ಬೇರಿಂಗು! ವೇಷ ಹಾಕ್ಕೊಂಡು ಬಂದಿದೆ."

ಸೀಲು ಮಾತ್ರ ಸತಾಯಿಸಿತು. ಹತ್ತು ಮಿಲಿಮೀಟರ್ ದಪ್ಪದ್ದು ಬೇಕು, ಇದ್ದದ್ದು ಎಂಟರದ್ದು. "ನಾಳಿದ್ದು ತರಿಸಿಕೊಡ್ತೀನಿ," ಎಂದರು ಮಾವ.

"ಬೇಡ, ಎಂಟರದ್ದೇ ಕೊಡಿ. ಹಳೇ ಸೀಲು ಉಜ್ಜಿ ಉಜ್ಜಿ ಡ್ರಮ್ ತಿರುಗಿಸೋ ಶಾಫ್ಟ್ ಮೇಲೆ ಗೀರು ಬಿದ್ದಿದೆ. ಹತ್ತರದ್ದು ಹಾಕಿದ್ರೆ ಅದೇ ಗೀರಲ್ಲಿ ಕೂತು ಮತ್ತೆ ನೀರು ಸೋರುತ್ತೆ. ಇದನ್ನ ಎರಡು ಮಿಲಿಮೀಟರ್ ಒಳಗೆ ತಳ್ಳಿದ್ರೆ ಸವೆಯದ ಜಾಗ ಸಿಗುತ್ತೆ."

ಮಾವ ಅವಳನ್ನೇ ನೋಡಿದರು. "ನಲವತ್ತು ವರ್ಷದಿಂದ ಸೀಲು ಮಾರ್ತಿದ್ದೀನಿ. ಇದು ನನಗೆ ಹೊಳೆದಿರಲಿಲ್ಲ ಕಣೇ." ಬೋಲ್ಟಿನ ಡಬ್ಬಿಯನ್ನೇ ಅವಳತ್ತ ತಳ್ಳಿದರು. ಬೇರಿಂಗಿನ ಮುಚ್ಚಳ ಬಿಗಿಯಲು, ತಲೆಯ ಮೇಲೆ 8.8 ಎಂದು ಗುರುತಿದ್ದ ಆರು ಗಟ್ಟಿ ಬೋಲ್ಟುಗಳನ್ನು ಅವಳು ಆರಿಸಿಕೊಂಡಳು.

ಸಂಜೆ ಐದಕ್ಕೆ ಡ್ರಮ್ಮು ತುಂಬ ನೀರು ಹಿಡಿದು ತಿರುಗಿತು. ಹಳೇ ಬೇರಿಂಗಿನ ಗಡಗಡ ಸದ್ದು ಪೂರ್ತಿ ಅಡಗಿತ್ತು. ಅವಳು ಶಾಫ್ಟಿನ ಕೆಳಗೆ ಬಿಳಿ ಹಾಳೆಯೊಂದನ್ನು ಹಾಸಿ, ಸ್ಟೂಲ್ ಎಳೆದು ಕೂತಳು. ಮೊದಲ ಕಂತಿನ ಗೌನುಗಳು ಹೊರಬಂದವು, ಎರಡನೆಯದು ಒಳಗೆ ಹೋಯಿತು.

ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು. "ತಿರುಗೋದೇನೋ ತಿರುಗ್ತಿದೆಯಮ್ಮಾ. ಸೋರಲ್ಲ ಅಂತ ಬರೆದುಕೊಡ್ತೀರಾ?"

ಅವಳು ಬಗ್ಗಿ ಹಾಳೆಯನ್ನು ಎತ್ತಿಕೊಂಡಳು. ಒಂದು ಹನಿಯ ಕಲೆಯೂ ಇರಲಿಲ್ಲ.

"ಪೆನ್ ಕೊಡಿ ಸಾರ್. ಇದರ ಮೇಲೇ ಬರೀತೀನಿ."