ಹಳದಿ ಟೇಪಿನ ಡಾಬು

ಮೊನ್ನೆ ಮನೆಗೆ ಬಂದ ಎಲೆಕ್ಟ್ರಿಷಿಯನ್ ವೈರ್‌ಗೆ ಸುತ್ತಲು ಹಳದಿ ಟೇಪು ಎಳೆದಾಗ, ಆ ಗೋಂದಿನ ವಾಸನೆಗೆ ಹೆಮ್ಮಿಗೆಯ ನಮ್ಮ ಮನೆಯ ಜಗಲಿ ಕಣ್ಣಮುಂದೆ ಬಂತು.

ನಾನಾಗ ಐದನೇ ಕ್ಲಾಸು. ಸ್ಕೂಲ್ ಡೇ ಡ್ಯಾನ್ಸಿಗೆ ಎಲ್ಲರೂ ಸೊಂಟಕ್ಕೆ ಡಾಬು ಹಾಕಿಕೊಂಡು ಬರಬೇಕೆಂದು ಟೀಚರ್ ಹೇಳಿದ್ದರು. ನಮ್ಮ ಮನೆಯಲ್ಲಿ ಎಲ್ಲಿಯ ಡಾಬು? ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪನ ಚೀಲದಿಂದ ಹಳದಿ ಟೇಪು ಎತ್ತಿಕೊಂಡು, ರಟ್ಟಿನ ಪಟ್ಟಿಗೆ ಒತ್ತೊತ್ತಾಗಿ ಸುತ್ತಿ, ಹಿಂದೆ ಕಟ್ಟಲು ರಿಬ್ಬನ್ ಸೇರಿಸಿ ನಾನೇ ಒಂದು ಮಾಡಿದೆ. ಗಟ್ಟಿಯಾಗಲಿ ಎಂದು ಬಿಸಿಲಿಗಿಟ್ಟದ್ದೇ ತಪ್ಪಾಯಿತು. ಪ್ರತಿ ಸುತ್ತಿನ ಅಂಚಿನಲ್ಲೂ ಗೋಂದು ಒಸರಿ ಬೆರಳಿಗೆ ಅಂಟುತ್ತಿತ್ತು. ನಾನು ಅಳತೊಡಗಿದೆ.

"ಅಳ್ಬ್ಯಾಡ ಕಣವ್ವ. ಒಸ ಒಡವೆ ದೇವ್ರ ಮುಂದೆ ಮಡಗ್ದೆ ಆಕ್ಕೋಬಾರ್ದು," ಎಂದು ಅಜ್ಜಿ ಅದನ್ನು ತಟ್ಟೆಯಲ್ಲಿಟ್ಟು, ಕೈಮುಗಿದು, ಮೇಲೆ ಕುಂಕುಮ ಉದುರಿಸಿದಳು. ಎತ್ತಿ ಕೊಡವಿದರೆ ಅಂಟಿನ ಗೆರೆಗಳಲ್ಲಿ ಮಾತ್ರ ಕುಂಕುಮ ನಿಂತಿತ್ತು, ಸಾಲಾಗಿ ಕೆಂಪು ಕಲ್ಲು ಕೂರಿಸಿದ ಹಾಗೆ!

"ಎಲ್ಲಿ, ನಂಗೊಂದ್ಸಲ ಕಟ್ಟು," ಎಂದಳು ಅಜ್ಜಿ. ರಿಬ್ಬನ್ ಅವಳ ಸೊಂಟಕ್ಕೆ ಸಾಲದೆ ಹೋಯಿತು. ಉಳಿದ ಟೇಪಿನಿಂದಲೇ ಅಂಟಿಸಿದೆ. ಸೆರಗು ಸಿಕ್ಕಿಸಿ ಅಂಗಳದಲ್ಲಿ ಒಂದು ಸುತ್ತು ತಿರುಗಿಯೇ ಬಿಟ್ಟಳು. "ಮದ್ವೇಲೂ ಆಕಿರ್ಲಿಲ್ಲ ಕಣೇ!"

ಟೇಪು ಹುಡುಕುತ್ತ ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತ. "ಮೋಟ್ರುಗೆ ಸುತ್ತೋ ಟೇಪ ಅವ್ವಂಗೆ ಸುತ್ತಿದ್ದೀಯಲ್ಲೇ!"

ಹೆದರಿ ಬಿಚ್ಚಲು ಹೋದೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

"ತಡಿ. ಸಂಜೆ ದೀಪ ಅಚ್ಚೋಗಂಟ ಇರ್ಲಿ."