ಸಣ್ಣ ನೂಲು

ಗಂಡಿನ ಕಡೆಯವರಿಗೆ ಮುಖ ತೋರಿಸಿ ಬಂದ ಮಾಳವ್ವ, ಉಟ್ಟ ಹೊಸ ಸೀರೆಯಲ್ಲೇ ಹಿತ್ತಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. ಪಕ್ಕದಲ್ಲಿ ಅಣ್ಣನ ಮಗಳು ಕೆಂಚಿ ಕದಿರು ತಿರುಗಿಸುವುದನ್ನು ಕಲಿಯುತ್ತಿದ್ದಳು.

"ಅತ್ತೀ, ಇವರಾದ್ರೂ ಒಪ್ಪತಾರೇನ?"

"ಒಪ್ಪಿದಂಗ ಕಾಣ್ತಾರ. ನೀ ಎಳಿ ನೋಡು, ನನ್ನ ಮಾರಿ ನೋಡಬ್ಯಾಡ."

ಪ್ರತಿಸಲವೂ ನಗುತ್ತ ಬಂದವರು ಮುಖ ತಿರುಗಿಸಿ ಹೋಗುತ್ತಿದ್ದರು. ಉಣ್ಣೆಯ ಜಿಡ್ಡು ಹತ್ತಿದ ತನ್ನ ಒರಟು ಕೈಗಳೇ ಕಾರಣವೆಂದು ಮಾಳವ್ವ ನಂಬಿದ್ದಳು. ಅವ್ವನಿಗೆ ಮಾತ್ರ ಆ ಕೈಗಳ ಮೇಲೆ ಬಲು ಹೆಮ್ಮೆ. "ಕತ್ತರಿಸಿದಾಗ ಕಸ, ಹಿಂಜಿದ್ರ ಉಣ್ಣಿ, ನನ್ನ ಮಗಳು ನೂತ್ರ ಬಂಗಾರ," ಎನ್ನುತ್ತಿದ್ದಳು. ಅಣ್ಣನ ಕಂಬಳಿ ಮಗ್ಗ ನಡೆಯುತ್ತಿದ್ದುದೇ ಆ ನೂಲಿನಿಂದ.

ಗೋಡೆಯ ಆಚೆಯಿಂದ ಅವ್ವನ ದನಿ ಕೇಳಿತು. ಗಂಡಿನ ತಾಯಿಗೆ ಮೆಲ್ಲಗೆ ಹೇಳುತ್ತಿದ್ದಳು: "ಮುಚ್ಚಿಡೋದು ಪಾಪ, ಯಕ್ಕಾ. ನಮ್ಮ ಹುಡುಗಿಗಿ ಮೂರ್ಛೆ ರೋಗ ಐತಿ."

ಮಾಳವ್ವನಿಗೆ ಒಂದು ದಿನವೂ ಮೂರ್ಛೆ ಬಂದಿರಲಿಲ್ಲ.

ಬಂದವರು ಹೋದ ಮೇಲೆ ಅವ್ವ ಕಣ್ಣೊರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು. "ಒಲ್ಲೆ ಅಂದ್ರವ್ವ. ಹಣೀಬರಹ. ಲಗೂನ ನೂತು ಮುಗಿಸು, ಮಗ್ಗ ಖಾಲಿ ಕುಂತೈತಿ."

"ಹೂಂ ಅವ್ವಾ," ಎಂದಳು ಮಾಳವ್ವ. ಅವ್ವ ಒಳಗೆ ಹೊರಟಳು.

"ಅತ್ತೀ, ಇಲ್ನೋಡು!" ಎಂದು ಕೆಂಚಿ ಕದಿರು ಎತ್ತಿ ಹಿಡಿದಳು. ಎಲ್ಲೂ ಗಂಟಿಲ್ಲದ, ಒಂದೇ ಸಮನಾದ ಸಣ್ಣ ಎಳೆ. ಆ ವಯಸ್ಸಿನಲ್ಲಿ ಮಾಳವ್ವನಿಗೂ ಅಷ್ಟು ಚಂದ ಬಂದಿರಲಿಲ್ಲ.

ಬಾಗಿಲಲ್ಲಿದ್ದ ಅವ್ವ ತಿರುಗಿ ನೋಡುವಷ್ಟರಲ್ಲಿ ಮಾಳವ್ವ ಆ ಎಳೆಯನ್ನು ಹರಿದುಹಾಕಿದ್ದಳು.

"ನಿನ್ನ ಕೈಗಿ ಈ ಕೆಲಸ ಹತ್ತಂಗಿಲ್ಲ, ಕೆಂಚಿ," ಎಂದಳು, ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿ. "ಇನ್ನ ಮುಟ್ಟಬ್ಯಾಡ."