ಬುಟ್ಟಿಯ ಬೆಸುಗೆ

ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಆಳುಗಳನ್ನು ಮೇಲೆತ್ತುವ ಬುಟ್ಟಿಯ ಬೆಸುಗೆ ಬಿರುಕು ಬಿಟ್ಟಿತ್ತು; ಪರೀಕ್ಷೆಗೆಂದು ಅವಳು ಹಚ್ಚಿ, ಕ್ಲೀನರ್ ಬಟ್ಟೆಯಿಂದ ಒರೆಸಿದ್ದ ಕೆಂಪು ಬಣ್ಣ ಬಿರುಕಿನೊಳಗೆ ಉಳಿದು ಪುಡಿಗೆ ಹೊರಬಂದಿತ್ತು. ಬೆಸುಗೆ ಹಾಕಿದವನು ಅವಳ ಅಕ್ಕನ ಗಂಡ. ಈ ಬೆಸುಗೆಯೂ ಫೇಲಾದರೆ ಅವನ ಕೆಲಸ ಹೋಗುತ್ತಿತ್ತು. ಅವನು ಅವಳ ಪಕ್ಕದಲ್ಲೇ ನಿಂತಿದ್ದ.

“ಏನಮ್ಮ ಇನ್ಸ್‌ಪೆಕ್ಟರ್, ಮನೆಯವರಿಗೇ ಕತ್ತರಿನಾ? ಕ್ಲೀನರ್ ಬಟ್ಟೆಗೆ ಹೊಡೀಬೇಡ, ನೇರ ಬೆಸುಗೆಗೇ ಹೊಡಿ. ಮತ್ತೆ ಪುಡಿ ಹಾಕು. ಆಗ ಗೆರೆ ಬಂದ್ರೆ ಹೇಳು.”

ಅವಳು ಕ್ಲೀನರನ್ನು ನೇರ ಬೆಸುಗೆಗೇ ಹೊಡೆದಳು. ಬಿರುಕಿನೊಳಗಿನ ಬಣ್ಣವೆಲ್ಲ ತೊಳೆದುಹೋಯಿತು. ಈ ಸಲ ಪುಡಿ ಬೆಳ್ಳಗೇ ಉಳಿಯಿತು. ಭಾವ ನಕ್ಕ.

“ಪಾಸ್ ಮಾಡ್ತೀನಿ ಭಾವ. ನಾಳೆ ಈ ಬುಟ್ಟೀಲಿ ಮೊದಲು ನೀವೇ ಹತ್ತಿ.”

ಅವನ ನಗು ನಿಂತಿತು. ಬೆಸುಗೆಯನ್ನೇ ನೋಡಿದ. ಆಮೇಲೆ ಕೆಂಪು ಬಣ್ಣದ ಡಬ್ಬಿಯನ್ನು ಎತ್ತಿ ಅವಳ ಕೈಗಿಟ್ಟ.

“ಮತ್ತೆ ಹಚ್ಚು, ಸರಿಯಾಗಿ ನೋಡು. ನಿಮ್ಮಕ್ಕನಿಗೆ ನಾನೇ ಹೇಳ್ಕೋತೀನಿ.”